ಪೇಡ, ಕುಂದಾ, ಕರದಂಟು: ರಾತ್ರಿ ಬಸ್ಸಿಗೆ ಯಾವುದು ಸೈ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕರದಂಟಿಗೆ. ಅದೂ ಅಮೀನಗಡದ ಕರದಂಟಿಗೆ. ಧಾರವಾಡದವರು ಸಿಟ್ಟಾಗುತ್ತಾರೆ, ಬೆಳಗಾವಿಯವರು ಮಾತು ಬಿಡುತ್ತಾರೆ, ಗೊತ್ತು. ಆದರೆ ಮೂರನ್ನೂ ಹೊತ್ತು ಬೆಂಗಳೂರಿಗೆ ತಂದವಳು ನಾನು. ಹಾಗೆ ತಂದದ್ದರಲ್ಲಿ ಒಂದು ನನ್ನ ಬ್ಯಾಗನ್ನೂ ಒಂದು ಸೀರೆಯನ್ನೂ ಕೆಡಿಸಿ, ಸೀಮಂತದ ಎಲೆಯಲ್ಲಿ ನನ್ನ ಮರ್ಯಾದೆಯನ್ನೂ ಕಳೆಯಿತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದಾಳೆ ಅಂದುಕೊಂಡರೂ ಸರಿಯೇ.

ನನ್ನದು ಆಡಿಟ್ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ಧಾರವಾಡ, ಬೆಳಗಾವಿ, ಬಾಗಲಕೋಟೆ ಕಡೆ ಹೋಗಿ, ಮೂರು ದಿನ ಇದ್ದು, ರಾತ್ರಿ ಬಸ್ಸಲ್ಲೋ ರೈಲಲ್ಲೋ ವಾಪಸ್ ಬರುತ್ತೇನೆ. ಬರಿಗೈಲಿ ಬಂದರೆ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲ. ಸುಮ್ನೆ ಬ್ಯಾಗಿನ ಕಡೆ ನೋಡುತ್ತಾರೆ, ಅಷ್ಟೇ. ಅದಕ್ಕೇ ಏನಾದರೂ ತರಲೇಬೇಕು. ಅಂಗಡಿ ಮುಂದೆ ನಿಂತು ತಿಂದಾಗ ಮೂರೂ ಚೆಂದ. ನಾನು ನೋಡುವುದು ಬೇರೆ. 500 ಕಿಲೋಮೀಟರ್ ದಾಟಿ ಬಂದು, ನಮ್ಮ ಅಡುಗೆಮನೆ ಡಬ್ಬದಲ್ಲಿ ಹತ್ತು ಹದಿನೈದು ದಿನ ಕೂತ ಮೇಲೂ ಕೈ ಅದರ ಕಡೆಗೇ ಹೋಗುತ್ತದಾ?

ಪೇಡದಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಧಾರವಾಡದ ಹೆಸರು ಹೊತ್ತಿದ್ದರೂ ಇದರ ಬೇರು ಉತ್ತರ ಪ್ರದೇಶದ ಉನ್ನಾವ್‌ನಲ್ಲಿದೆ. ಪ್ಲೇಗಿಗೆ ಹೆದರಿ ಅಲ್ಲಿಂದ ಬಂದ ಠಾಕೂರ್ ಕುಟುಂಬ ಹೊಟ್ಟೆಪಾಡಿಗೆ ಶುರು ಮಾಡಿದ ಸಿಹಿ ಇದು. ಲೈನ್ ಬಜಾರಿನ ಬಾಬುಸಿಂಗ್ ಠಾಕೂರ್ ಅಂಗಡಿ ಇವತ್ತಿಗೂ ಊರಿನ ಗುರುತು. ಇನ್ನೊಂದು ಕಡೆ 1933ರಲ್ಲಿ ಶುರುವಾದ ಮಿಶ್ರಾ ಪೇಡ ಇದೆ. ಧಾರವಾಡದಲ್ಲಿ ಇಬ್ಬರನ್ನು ಕೂರಿಸಿ ಠಾಕೂರಾ ಮಿಶ್ರಾನಾ ಅಂತ ಕೇಳಿ ಎದ್ದು ಬನ್ನಿ, ಸಂಜೆವರೆಗೂ ಅವರಿಗೆ ಕೆಲಸ ಸಿಕ್ಕಿತು. ನನಗೆ ಠಾಕೂರ್ ಪೇಡದ ಕಂದು ಬಣ್ಣ ಮತ್ತು ಸ್ವಲ್ಪ ಮರಳು ಮರಳಾದ ಹದ ಇಷ್ಟ. ಖೋವಾವನ್ನು ಬಾಣಲೆಯಲ್ಲಿ ಹುರಿದು ಹುರಿದು ಆ ಬಣ್ಣ ತರಿಸುತ್ತಾರೆ. ಮಥುರಾ ಪೇಡ ತಿಂದು ಇದನ್ನು ತಿಂದರೆ, ಹುರಿಯುವ ಕೈಗೆ ಎಷ್ಟು ತಾಳ್ಮೆ ಬೇಕು ಅಂತ ನಾಲಿಗೆಗೇ ಗೊತ್ತಾಗುತ್ತದೆ. ಧಾರವಾಡಿ ಎಮ್ಮೆಯ ಹಾಲಿನದೇ ಈ ರುಚಿ ಅಂತ ಅಲ್ಲಿನವರ ವಾದ. ಆ ಎಮ್ಮೆಗೆ 2021ರಲ್ಲಿ ಪ್ರತ್ಯೇಕ ತಳಿ ಅಂತ ಮಾನ್ಯತೆಯೂ ಸಿಕ್ಕಿದೆ.

ಸಾಗಿಸುವುದಕ್ಕೆ ಪೇಡ ಒಳ್ಳೆಯದೇ. ಸೋರುವುದಿಲ್ಲ, ನಾರುವುದಿಲ್ಲ. ಈಗಂತೂ ಧಾರವಾಡದಿಂದ ವಂದೇ ಭಾರತ್ ಇದೆ. ಮಧ್ಯಾಹ್ನ ಹತ್ತಿದರೆ ರಾತ್ರಿ ಊಟದ ಹೊತ್ತಿಗೆ ಪೇಡ ತಟ್ಟೆಯಲ್ಲಿ.

ಆದರೂ ನಾನು ಪೇಡ ತರುವುದನ್ನು ಬಿಟ್ಟೆ. ಒಂದು, ನಮ್ಮನೆಯಲ್ಲಿ ಐದನೇ ದಿನಕ್ಕೆ ಅದು ಒಣಗಿ, ಕಚ್ಚಿದರೆ ಮೇಲಿನ ಸಕ್ಕರೆ ಪುಡಿಯ ಜೊತೆ ತಾನೂ ಪುಡಿಯಾಗಿ ಅಂಗಿ ಮೇಲೆ ಬೀಳುತ್ತದೆ. ಎರಡು, ಮಿಶ್ರಾ ಅಂಗಡಿ ಬೆಂಗಳೂರಲ್ಲೇ ಇದೆ. ಊರಿಂದ ತಂದೆ ಅಂತ ಡಬ್ಬಿ ಕೊಟ್ಟರೆ ಆಫೀಸಿನ ಹುಡುಗರು ನಗುತ್ತಾರೆ.

ಇನ್ನು ಕುಂದಾ.

ಬೆಳಗಾವಿಯನ್ನು ಕುಂದಾನಗರಿ ಅಂತಲೇ ಕರೆಯುತ್ತಾರೆ. ಮಿಠಾಯಿ ಮಾಡುವ ಮಾರವಾಡಿಯೊಬ್ಬರು ಹಾಲನ್ನು ಒಲೆ ಮೇಲಿಟ್ಟು ಮರೆತರಂತೆ. ಅದು ಕಾದು ಕಾದು ಗಟ್ಟಿಯಾಗಿ ಕುಂದಾ ಆಯಿತಂತೆ. ಈ ಕಥೆ ಆ ಊರಲ್ಲಿ ಎಲ್ಲರ ಬಾಯಲ್ಲೂ ಇದೆ. ನಿಜವೋ ಸುಳ್ಳೋ, ತಿಂದು ನೋಡಿದರೆ ನಂಬಬೇಕು ಅನಿಸುತ್ತದೆ. ತಳ ಹಿಡಿಯುವುದಕ್ಕೆ ಇನ್ನೇನು ಒಂದು ನಿಮಿಷ ಇದೆ ಅನ್ನುವ ಆ ಘಮ, ಬೇಕಂತ ಮಾಡಿದರೆ ಬರುವಂಥದ್ದಲ್ಲ. ಮೊದಲ ಸಲ ನಾನು ತಿಂದದ್ದು ಕ್ಯಾಂಪಿನ ಪುರೋಹಿತ್ ಅಂಗಡಿಯದು. ಸಣ್ಣ ಕಾಗದದ ತಟ್ಟೆ, ಬೆಚ್ಚಗಿನ ಕುಂದಾ, ಅಂಚಿನಲ್ಲಿ ತುಪ್ಪ ತೆಳ್ಳಗೆ ಒಸರುತ್ತಿತ್ತು. ಚಮಚದಲ್ಲಿ ಎತ್ತಿದರೆ ಹರಳು ಹರಳು, ಬಾಯಿಗಿಟ್ಟರೆ ಇಲ್ಲ. ಮೂರರಲ್ಲಿ ರುಚಿಗೆ ಮಾತ್ರ ಅಂಕ ಕೊಡಿ ಅಂದರೆ ಮೊದಲು ಕುಂದಾವೇ. ಇದನ್ನು ಕರದಂಟಿನ ಪಕ್ಷದವಳು ಒಪ್ಪಿಕೊಳ್ಳುತ್ತಿದ್ದಾಳೆ, ನೆನಪಿರಲಿ.

ಒಸರುವ ಆ ತುಪ್ಪವೇ ನನ್ನ ಕಥೆ.

ಎರಡು ವರ್ಷದ ಹಿಂದೆ, ಏಪ್ರಿಲ್. ನಾದಿನಿಯ ಸೀಮಂತ ಶನಿವಾರ. ಶುಕ್ರವಾರ ಸಂಜೆ ಬೆಳಗಾವಿಯಲ್ಲಿ ಕೆಲಸ ಮುಗಿಸಿದೆ. ಅತ್ತೆಗೆ ಒಂದು ಇಳಕಲ್ ಸೀರೆ ತೆಗೆದುಕೊಂಡೆ, ಟೋಪಿ ತೆನಿ ಸೆರಗಿನದು, ಕೆಂಪು. ಎಲೆಗೆ ಕುಂದಾ ನಾನೇ ತರುತ್ತೇನೆ ಅಂತ ಫೋನಿನಲ್ಲಿ ಜಂಬ ಕೊಚ್ಚಿದ್ದೆ. ತಡವಾಗಿತ್ತು, ಬಸ್ ನಿಲ್ದಾಣದ ದಾರಿಯಲ್ಲಿ ಕಂಡ ಒಂದು ಅಂಗಡಿಗೆ ನುಗ್ಗಿದೆ. ಹೆಸರು ಬೇಡ. ಎರಡು ಕೆಜಿ ಕೇಳಿದೆ. ಕಟ್ಟುವ ಹುಡುಗ ಕೇಳಿದ, "ಎಲ್ಲಿಗ್ರೀ ಅಕ್ಕಾರ?" ಬೆಂಗಳೂರು ಅಂದೆ. ಅವನು ಒಂದು ಗಳಿಗೆ ಗಲ್ಲಾದ ಕಡೆ ನೋಡಿದ. ಗಲ್ಲಾದಲ್ಲಿದ್ದವರು, "ಏನೂ ಆಗೂದಿಲ್ಲ, ಕಟ್ಟೋ" ಅಂದರು. ಹುಡುಗನ ಮುಖ ನೋಡಿಯೇ ನನಗೆ ಅರ್ಥ ಆಗಬೇಕಿತ್ತು.

ತೆಳು ಪ್ಲಾಸ್ಟಿಕ್ ಡಬ್ಬಿ ಎರಡು. ಮುಚ್ಚಳದ ಮೇಲೆ ಅಡ್ಡ ಉದ್ದ ರಬ್ಬರ್ ಬ್ಯಾಂಡ್. ಮೇಲೊಂದು ಕ್ಯಾರಿ ಬ್ಯಾಗ್. ಕುಂದಾ ಆಗ ತಾನೇ ಬಾಣಲೆಯಿಂದ ಇಳಿದಿತ್ತು, ಇನ್ನೂ ಬಿಸಿ. ಬಿಸಿಯಿದ್ದಾಗಲೇ ಮುಚ್ಚಳ ಬಿತ್ತು. ಒಳಗೆ ಹಬೆ ಕಟ್ಟಿ ನೀರಾಗುತ್ತದೆ ಅಂತ ಅಡುಗೆ ಮಾಡುವ ಯಾರಿಗೆ ತಾನೇ ಗೊತ್ತಿಲ್ಲ? ನನಗೂ ಗೊತ್ತಿತ್ತು. ಬಸ್ಸಿಗೆ ಇಪ್ಪತ್ತು ನಿಮಿಷ ಇತ್ತು, ಅಷ್ಟೇ. ಡಬ್ಬಿಗಳನ್ನು ಬ್ಯಾಗಿನಲ್ಲಿ ನೆಟ್ಟಗೆ ಇಟ್ಟೆ. ಆಚೀಚೆ ಬಟ್ಟೆ ತುರುಕಿದೆ. ಮೇಲೆ ಸೀರೆ. ಸ್ಲೀಪರ್ ಬಸ್ಸಿನ ಹುಡುಗ ಬ್ಯಾಗನ್ನು ಕಸಿದುಕೊಂಡು ಡಿಕ್ಕಿಗೆ ಎಸೆದ. ನೆಟ್ಟಗೆ ಇಡಪ್ಪಾ ಅಂತ ನಾನು ಹೇಳುವುದಕ್ಕೂ ಅವನು ಬಾಗಿಲು ಹಾಕುವುದಕ್ಕೂ ಸರಿಹೋಯಿತು.

ಬೆಳಿಗ್ಗೆ ಯಶವಂತಪುರದಲ್ಲಿ ಇಳಿದು ಬ್ಯಾಗ್ ತೆಗೆದುಕೊಂಡಾಗ ತಳ ಮೆತ್ತಗಿತ್ತು. ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡೆ, ಚೂಡಿದಾರಕ್ಕೂ ಅಂಟಿತು. ಮನೆಗೆ ಬಂದು ಜಿಪ್ ಎಳೆದರೆ ಇಡೀ ಹಜಾರ ಘಮಘಮ. ಎರಡೂ ಡಬ್ಬಿ ಅಡ್ಡ ಬಿದ್ದಿದ್ದವು. ರಬ್ಬರ್ ಬ್ಯಾಂಡ್ ಮಾತ್ರ ಒಂದೂ ಕದಲಿರಲಿಲ್ಲ, ಅಚ್ಚುಕಟ್ಟಾಗಿ ಕೂತಿದ್ದವು. ತುಪ್ಪ ಮುಚ್ಚಳದ ಸಂದಿಯಿಂದ ಇಳಿದು ಆಡಿಟ್ ಫೈಲು, ಟವೆಲ್ಲು, ಚಪ್ಪಲಿ ಎಲ್ಲ ದಾಟಿ ಸೀರೆಯ ಸೆರಗಿನ ಮೇಲೆ ಅಂಗೈ ಅಗಲದ ಕಲೆ ಮಾಡಿತ್ತು. ಅತ್ತೆ ಕಡಲೆಹಿಟ್ಟು ಉದುರಿಸಿದರು, ಪೌಡರ್ ಉದುರಿಸಿದರು. ಕಲೆ ಕಡಿಮೆಯಾಯಿತು, ಹೋಗಲಿಲ್ಲ. ರೇಷ್ಮೆ ಸೆರಗು ನೋಡಿ, ಉಜ್ಜುವ ಹಾಗೂ ಇಲ್ಲ. "ಹೋಗ್ಲಿ ಬಿಡೇ, ಉಟ್ಟರೆ ಕುಂದಾ ವಾಸನೆ ಬರುತ್ತೆ, ಸೆಂಟ್ ಖರ್ಚು ಉಳೀತು" ಅಂದರು. ಅವರು ಹಾಗೆ ಅಂದದ್ದಕ್ಕೇ ನನಗೆ ಇನ್ನೂ ಜಾಸ್ತಿ ಬೇಜಾರಾಯಿತು.

ಉಳಿದ ಕುಂದಾ? ಮಧ್ಯಾಹ್ನ ಎಲೆಗೆ ಬಡಿಸುವ ಮುಂಚೆ ನಾದಿನಿಯ ಗಂಡ ಒಂದು ಚಮಚ ಬಾಯಿಗಿಟ್ಟು, "ಇದಕ್ಕೆ ನಿಂಬೆಹುಳಿ ಹಾಕ್ತಾರಾ ಅಕ್ಕ?" ಅಂದ. ಪಾಪ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ಕುಂದಾದಲ್ಲಿ ಹಸಿ ಇರುತ್ತದೆ, ಹಾಲಿನ ಪದಾರ್ಥ, ಏಪ್ರಿಲ್ ಸೆಕೆ, ಮೇಲೆ ಹಬೆ ಕಟ್ಟಿದ ಡಬ್ಬಿ. ಹುಳಿಯದೆ ಇನ್ನೇನಾಗುತ್ತದೆ? ಎರಡು ಕೆಜಿ ಚರಂಡಿ ಪಾಲಾಯಿತು. ಎದುರುಗಡೆ ಬೇಕರಿಯಿಂದ ಮೈಸೂರ್ ಪಾಕ್ ತಂದು ಬಡಿಸಿದೆವು.

ನಾನು ಅಷ್ಟಕ್ಕೇ ಬಿಡಲಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ಹೋದಾಗ ಮನೆಯಿಂದಲೇ ತಿರುಪು ಮುಚ್ಚಳದ ಸ್ಟೀಲ್ ಡಬ್ಬಿ ಒಯ್ದೆ. ಕುಂದಾ ಪೂರ್ತಿ ಆರಿದ ಮೇಲೆ ತುಂಬಿಸಿಕೊಂಡೆ, ಹೋಟೆಲಿನ ಫ್ರಿಜ್‌ನಲ್ಲಿ ಎರಡು ಗಂಟೆ ಇಟ್ಟೆ, ರಾಣಿ ಚೆನ್ನಮ್ಮ ರೈಲಿನಲ್ಲಿ ತಲೆದಿಂಬಿನ ಪಕ್ಕವೇ ಮಲಗಿಸಿಕೊಂಡು ಬಂದೆ. ಸೋರಲಿಲ್ಲ, ಹುಳಿಯಲೂ ಇಲ್ಲ. ಆದರೆ ತುಪ್ಪ ಹೆಪ್ಪುಗಟ್ಟಿ ಇಟ್ಟಿಗೆಯಾಗಿತ್ತು. ಬಿಸಿ ಮಾಡಿದರೆ ಹರಳು ಹೋಗಿ ಮುದ್ದೆಯಾಯಿತು. ಸಿಹಿ ಇತ್ತು, ಖೋವಾ ಇತ್ತು, ಕುಂದಾ ಇರಲಿಲ್ಲ. ಮಗುವನ್ನು ಕರೆತಂದ ಹಾಗೆ ಜೋಪಾನ ಮಾಡಿ ಕೊನೆಗೆ ಇಷ್ಟೇನಾ ಅನಿಸಿತು. ಅವತ್ತಿಂದ ಕುಂದಾ ನನಗೆ ಬೆಳಗಾವಿಯಲ್ಲೇ ನಿಂತು ತಿನ್ನುವ ಸಿಹಿ.

ಈಗ ನನ್ನ ಕರದಂಟಿಗೆ ಬರುತ್ತೇನೆ. ಹೆಸರಲ್ಲೇ ಎಲ್ಲ ಇದೆ, ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಕರಿದರೆ ಅರಳಿನ ಹಾಗೆ ಉಬ್ಬುತ್ತದೆ. ಅದಕ್ಕೆ ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ, ಗಸಗಸೆ, ಎಲ್ಲವನ್ನೂ ಹಿಡಿದಿಡಲು ಬೆಲ್ಲದ ಪಾಕ. ಬಾಣಂತಿಯರಿಗೆ ಶಕ್ತಿ ಬರಲಿ ಅಂತ, ಗರಡಿಮನೆ ಪೈಲ್ವಾನರಿಗೆ ಮೈ ಕಟ್ಟಲಿ ಅಂತ ಕೊಡುತ್ತಿದ್ದ ತಿನಿಸು. ಹಾಲು ಇಲ್ಲ, ಖೋವಾ ಇಲ್ಲ, ಕೆಡುವುದಕ್ಕೆ ಹಸಿಯೇ ಇಲ್ಲ. ತಿಂಗಳುಗಟ್ಟಲೆ ಬಾಣಂತಿ ಕೋಣೆಯಲ್ಲಿ ಡಬ್ಬಿಯಲ್ಲಿಟ್ಟು ದಿನಕ್ಕೊಂದು ತಿನ್ನಲೆಂದೇ ಹುಟ್ಟಿದ್ದು. ರಾತ್ರಿ ಬಸ್ಸು ಇದಕ್ಕೆ ಯಾವ ಲೆಕ್ಕ?

ನನಗೆ ಇದು ಸಿಕ್ಕಿದ್ದು ಅಕಸ್ಮಾತ್. ಹುನಗುಂದದ ಕಡೆ ಕೆಲಸ ಇತ್ತು, ಭಾನುವಾರ ಐಹೊಳೆ ನೋಡೋಣ ಅಂತ ಹೊರಟಾಗ ದಾರಿಯಲ್ಲಿ ಅಮೀನಗಡ. ಎಲ್ಲಿ ನೋಡಿದರೂ ಕರದಂಟು ಬೋರ್ಡು. ಅಲ್ಲಿ ವಿಜಯಾ ಕರದಂಟು ಹೆಸರುವಾಸಿ, ಅಲ್ಲಿಗೇ ಹೋದೆ. "ಮದ್ಲ ರುಚಿ ನೋಡ್ರಿ, ಆಮ್ಯಾಲೆ ಮಾತು" ಅಂತ ಅಂಗಡಿಯವರು ಬೆರಳುದ್ದದ ತುಂಡೊಂದನ್ನು ಕಾಗದದಲ್ಲಿ ಕೊಟ್ಟರು. ಕಚ್ಚಿದರೆ ಮೊದಲು ಬೆಲ್ಲ ಹಲ್ಲಿಗೆ ಸ್ವಲ್ಪ ಅಂಟಿ ಎಳೆಯುತ್ತದೆ. ಆಮೇಲೆ ಗೋಡಂಬಿ. ನಡುವೆ ಎಲ್ಲೋ ಒಂದು ಅಂಟಿನ ಕಾಳು ಕರುಂ ಅನ್ನುತ್ತದೆ. ಗಂಟಲಿಗೆ ಇಳಿಯುವಾಗ ಕೊಬ್ಬರಿ ಮತ್ತು ತುಪ್ಪ. ಐಹೊಳೆಯ ದುರ್ಗಾ ಗುಡಿ ಸುತ್ತುವಾಗ ಕಾಲು ಕೆಜಿ ಮುಗಿಸಿದ್ದೆ. ಮಧ್ಯಾಹ್ನ ಊಟದ ನೆನಪೇ ಬರಲಿಲ್ಲ.

ಗೋಕಾಕದವರು ಈಗ ಎದ್ದು ನಿಲ್ಲುತ್ತಾರೆ, ಕರದಂಟು ಅಂದರೆ ನಮ್ಮದು ಅಂತ. ಸರಿ, ಗೋಕಾಕದ ಸದಾನಂದ ಕರದಂಟೂ ತಂದಿದ್ದೇನೆ, ಫಾಲ್ಸ್ ನೋಡಲು ಹೋದಾಗ. ಚೆನ್ನಾಗಿದೆ. ನಾನು ತಿಂದ ಮಟ್ಟಿಗೆ ಅದು ಸ್ವಲ್ಪ ಮೆತ್ತಗೆ, ಅಮೀನಗಡದ್ದರಲ್ಲಿ ಅಗಿಯುವ ಸುಖ ಜಾಸ್ತಿ. ಹಲ್ಲು ಗಟ್ಟಿ ಇಲ್ಲದವರಿಗೆ ಗೋಕಾಕವೇ ಸರಿ ಅನ್ನಬಹುದು.

ಹಲ್ಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ಕರದಂಟಿಗೂ ದೋಷ ಇದೆ. ಅತ್ತೆಗೆ ಕಟ್ಟಿಸಿದ ಹಲ್ಲು. ಮೊದಲ ಸಲ ಕಚ್ಚಿದಾಗ ಹಲ್ಲಿನ ಸೆಟ್ಟೇ ಅದರ ಜೊತೆ ಹೊರಗೆ ಬಂತು. ಈಗ ಅವರು ತುಂಡನ್ನು ಬಿಸಿ ಹಾಲಿಗೆ ಹಾಕಿ ಐದು ನಿಮಿಷ ಬಿಟ್ಟು ತಿನ್ನುತ್ತಾರೆ. ಬೆಲ್ಲ ಕರಗಿ, ಅಂಟು ಮೆತ್ತಗಾಗಿ, ಅದೊಂದು ಬೇರೆಯೇ ಪಾಯಸ. ಬೇಸಿಗೆಯಲ್ಲಿ ತುಂಡುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೆಣ್ಣೆ ಕಾಗದ ನಡುವೆ ಹಾಕಿಸಿಕೊಳ್ಳಿ. ಬೆಲ್ಲದ್ದೋ ಸಕ್ಕರೆಯದೋ ಕೇಳಿ ತೆಗೆದುಕೊಳ್ಳಿ, ನನ್ನ ಮಾತೆಲ್ಲ ಬೆಲ್ಲದ್ದರ ಬಗ್ಗೆ.

ದುಡ್ಡಿನ ವಿಷಯ. ಗೋಡಂಬಿ, ಬಾದಾಮಿ ಹೆಚ್ಚಿದಷ್ಟೂ ಕರದಂಟಿನ ಬೆಲೆ ಏರುತ್ತದೆ. ನಾನು ಒಂದು ಪ್ರವಾಸಕ್ಕೆ ಸಿಹಿಗೆಂದು ಎತ್ತಿಡುವುದು ಸಾವಿರ ರೂಪಾಯಿ, ಅದರಲ್ಲಿ ಸಾದಾ ಕರದಂಟನ್ನೇ ತರುತ್ತೇನೆ. ನೆಂಟರಿದ್ದಾಗ ಪೇಡ ಒಂದು ಕೆಜಿ ತಂದರೆ ನಮ್ಮನೆಯಲ್ಲಿ ಎರಡು ದಿನ, ಬಂದವರೆಲ್ಲ ನಾಲ್ಕು ನಾಲ್ಕು ತಿನ್ನುತ್ತಾರೆ. ಕರದಂಟನ್ನು ಯಾರೂ ಎರಡಕ್ಕಿಂತ ಹೆಚ್ಚು ತಿನ್ನಲಾರರು. ದವಡೆ ಸೋಲುತ್ತದೆ. ಒಂದು ಕೆಜಿ ಹದಿನೈದು ದಿನ ಬಂತು ಅಂದರೆ ಯಾವುದು ಅಗ್ಗ, ನೀವೇ ಲೆಕ್ಕ ಹಾಕಿ. ನನಗೆ ಬೆಳಿಗ್ಗೆ ಐದೂವರೆಗೆ ವಾಕಿಂಗ್ ಹೋಗುವ ಅಭ್ಯಾಸ, ಖಾಲಿ ಹೊಟ್ಟೆಗೆ ತಲೆ ಸುತ್ತುತ್ತದೆ. ಒಂದು ತುಂಡು ಬಾಯಿಗೆ ಹಾಕಿಕೊಂಡು ಮೆಟ್ಟಿಲು ಇಳಿದರೆ ಪಾರ್ಕಿನ ಗೇಟು ಬರುವವರೆಗೆ ಅದು ಬಾಯಲ್ಲೇ ಇರುತ್ತದೆ. ಪೇಡ, ಕುಂದಾ ಎರಡರಲ್ಲೂ ಈ ಕೆಲಸ ಆಗುವುದಿಲ್ಲ.

ನೀವು ಅದೇ ದಿನ ಮನೆ ಸೇರುವವರು, ಮನೆಯಲ್ಲಿ ಮಕ್ಕಳು ಜಾಸ್ತಿ ಅಂದರೆ ಪೇಡ ತನ್ನಿ, ತಪ್ಪೇನಿಲ್ಲ. ಬೆಳಗಾವಿಗೇ ಹೋದವರು ಕುಂದಾ ತಿನ್ನದೆ ಬಂದರೆ ಮಾತ್ರ ನಾನು ಮಾತಾಡಿಸುವುದಿಲ್ಲ. ನನಗೆ ಬರುವ ತಿಂಗಳು ಮತ್ತೆ ಬೆಳಗಾವಿ ಇದೆ. ಅಲ್ಲಿಂದ ಅಮೀನಗಡ ದಾರಿಯಲ್ಲ, ಹಾಗಾಗಿ ಈ ಸಲ ಗೋಕಾಕದ್ದೇ ಬರುತ್ತದೆ. ಅತ್ತೆಗೆ ಅದೇ ಖುಷಿ, ಹಾಲಿಗೆ ಹಾಕುವ ಕೆಲಸ ಇಲ್ಲವಲ್ಲ.