ಓಲೆಯ ಮಗ, ಓಲ್ಸೆನ್ ಮಗ್

ಮೊದಲು ಸ್ಟಾರ್ ಕೊಟ್ಟುಬಿಡುತ್ತೇನೆ. ಮಗ್‌ಗೆ ಒಂದು, ಅದೂ ಕಾಫಿ ಸೋರಲಿಲ್ಲ ಅಂತ. ನಾರ್ವೆಯ ಡಿಗಿಟಾಲಾರ್ಕಿವೆ ಅನ್ನುವ, ಹಳೆಯ ದಾಖಲೆಗಳ ಬಿಟ್ಟಿ ಜಾಲತಾಣಕ್ಕೆ ಐದಕ್ಕೆ ಐದು. ಯಾಕೆ ಅಂತ ಹೇಳಬೇಕಾದರೆ ಪಕ್ಕದ ಮನೆ ಅಜ್ಜಿಯಿಂದ ಶುರು ಮಾಡಬೇಕು.

ನಾವಿರುವುದು ನಾರ್ವೆಯ ಸ್ಟಾವಂಗರ್‌ನಲ್ಲಿ, ಒಂಬತ್ತು ವರ್ಷದಿಂದ. ಇಲ್ಲಿ ಅಂಚೆ ಡಬ್ಬಿಯ ಮೇಲೆ ಮನೆಯವರ ಹೆಸರು ಅಂಟಿಸಬೇಕು. ನಮ್ಮ ಡಬ್ಬಿಯ ಮೇಲೆ ಮೂರು ಸರ್‌ನೇಮ್ ಇವೆ. ನನ್ನದು ಮಂಜಪ್ಪ, ಅಂದರೆ ನಮ್ಮಪ್ಪ. ಯಜಮಾನರದ್ದು ಅವರಪ್ಪನ ಹೆಸರು. ಮಗಳದ್ದು ಅವಳಪ್ಪನ ಹೆಸರು. ಅರಕಲಗೂಡಿನಲ್ಲಿ ಇವೆಲ್ಲ ಒಂದೊಂದು ಇನಿಶಿಯಲ್ ಆಗಿ ತೆಪ್ಪಗೆ ಕೂತಿದ್ದವು. ಪಾಸ್‌ಪೋರ್ಟ್ ಮಾಡಿಸುವಾಗ ಬಿಡಿಸಿ ಬರೆದೆವು, ಸರ್‌ನೇಮ್ ಆಗಿಬಿಟ್ಟವು. ಈಗಲೂ ಕೊರಿಯರ್ ಹುಡುಗ ಬಾಗಿಲಲ್ಲಿ ನಿಂತು "ಮಂಜಪ್ಪ?" ಅಂದರೆ, ಅಪ್ಪ ಯಾವಾಗ ಬಂದರು ಅಂತ ಒಂದು ಸಲ ಹಿಂದೆ ತಿರುಗಿ ನೋಡುತ್ತೇನೆ.

ನಾವು ಬಂದ ವಾರದಲ್ಲೇ ಪಕ್ಕದ ಅಜ್ಜಿ ಡಬ್ಬಿ ನೋಡಿ, "ನಿಮ್ಮ ಮನೆಯಲ್ಲಿ ಮೂರು ಸಂಸಾರ ಇದೆಯಾ?" ಅಂತ ಕೇಳಿದ್ದರು. ಅವರ ಡಬ್ಬಿಯ ಮೇಲೆ ಒಂದೇ ಹೆಸರು, ಓಲ್ಸೆನ್. ಹುಟ್ಟಿದ್ದು ಉತ್ತರದ ಲೊಫೋಟನ್ ದ್ವೀಪಗಳಲ್ಲಿ, ಓಲ್ಸೆನ್ ಮನೆಯಲ್ಲಿ. ಮದುವೆಯಾಗಿದ್ದೂ ಇನ್ನೊಬ್ಬ ಓಲ್ಸೆನ್‌ನನ್ನೇ. ಹೆಸರು ಬದಲಿಸುವ ಉಸಾಬರಿಯೇ ಬರಲಿಲ್ಲ. ಸಂಬಂಧಿಕರಾ ಅಂದರೆ, "ಅಯ್ಯೋ, ಇಲ್ಲ" ಅಂತ ನಗುತ್ತಾರೆ.

ಹೋದ ಕ್ರಿಸ್ಮಸ್‌ಗೆ ಓಸ್ಲೋದಲ್ಲಿರುವ ಮೊಮ್ಮಗ ಅಜ್ಜಿಗೆ ಒಂದು ಮಗ್ ತರಿಸಿಕೊಟ್ಟ. ಅದರ ಮೇಲೆ ಒಂದು ಸಿಂಹ, ಒಂದು ಕೊಡಲಿ, ಗರಿ ಸಿಕ್ಕಿಸಿದ ಶಿರಸ್ತ್ರಾಣ. ಕೆಳಗೆ ರಿಬ್ಬನ್ ಥರ, "ಓಲ್ಸೆನ್ ವಂಶದ ಲಾಂಛನ". ಜೊತೆಗೆ ಹಳೇ ಕಾಗದದಂತೆ ಕಾಣಲಿ ಅಂತ ಕಂದು ಬಣ್ಣ ಬಳಿದ ಸರ್ಟಿಫಿಕೇಟ್. ಬೆಲೆ 299 ಕ್ರೋನೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಇಂಥವು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ನಿಮ್ಮ ಹೆಸರು ಹಾಕಿದರೆ ನಿಮಗೂ ಒಂದು ಸಿಂಹ ಸಿಗುತ್ತದೆ.

ಅಜ್ಜಿ ಕನ್ನಡಕ ಏರಿಸಿ ಸಿಂಹ ನೋಡಿದರು. "ನಮ್ಮವರು ಕಾಡ್ ಮೀನು ಹಿಡಿಯುತ್ತಿದ್ದರು. ಸಿಂಹ ಎಲ್ಲಿಂದ ಬಂತು?" ಅಂದರು.

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಅಜ್ಜಿಗೆ ಪರದೆ ಮೇಲಿನ ಸಣ್ಣ ಅಕ್ಷರ ಕಾಣುವುದಿಲ್ಲ, ನನಗೆ ಹಳೆಯ ನಾರ್ವೇಜಿಯನ್ ಬರುವುದಿಲ್ಲ. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ.

ಓಲ್ಸೆನ್ ಅಂದರೆ ಇಷ್ಟೇ: ಓಲೆಯ ಮಗ. (ಇಲ್ಲಿನವರ ಬಾಯಲ್ಲಿ ಅದು "ಊಲೆ". ನಮ್ಮಲ್ಲಿ ಓಲೆ ಅಂದರೆ ಕಿವಿಗೆ ಹಾಕುವುದು, ಇಲ್ಲಾ ಬರೆದು ಕಳಿಸುವುದು. ಈ ಅಕ್ಷರ ಬಿಡಲು ನನಗೆ ಮನಸ್ಸಿಲ್ಲ.) ಓಲೆ ಅನ್ನುವುದು ಹಳೆಯ ಓಲಾಫ್ ಹೆಸರಿನ ಸವೆದ ರೂಪ. ಅದರಲ್ಲಿ ಎರಡು ತುಂಡುಗಳಿವೆ. ಒಂದಕ್ಕೆ ಪೂರ್ವಜ ಅಂತ ಅರ್ಥ, ಇನ್ನೊಂದಕ್ಕೆ ಉಳಿದದ್ದು, ಬಿಟ್ಟುಹೋದದ್ದು ಅಂತ. 1030ರಲ್ಲಿ ಸ್ಟಿಕ್ಲೆಸ್ಟಾಡ್ ಯುದ್ಧದಲ್ಲಿ ಸತ್ತ ರಾಜ ಓಲಾವ್ ಆಮೇಲೆ ಸಂತನಾದ. ಅವನ ಹೆಸರು ಊರೂರಿಗೂ ಹರಡಿತು. ಮನೆಗೊಬ್ಬ ಓಲೆ ಅಂದಮೇಲೆ ಮನೆಗೊಬ್ಬ ಓಲ್ಸೆನ್ ಹುಟ್ಟಲೇಬೇಕಲ್ವಾ? ಅವರೆಲ್ಲ ಒಂದೇ ವಂಶ ಅನ್ನುವುದು, ಇನಿಶಿಯಲ್ "ಎಂ" ಇರುವವರೆಲ್ಲ ನಮ್ಮ ದಾಯಾದಿಗಳು ಅಂದಹಾಗೆ.

ಮೊದಲು ನಾರ್ವೆಯ ಸರ್ಕಾರಿ ಅಂಕಿಅಂಶ ಕಚೇರಿಯ ಹೆಸರು ಹುಡುಕುವ ಪುಟಕ್ಕೆ ಹೋದೆವು. ಒಂದು ಹೆಸರು ಹಾಕಿದರೆ ದೇಶದಲ್ಲಿ ಎಷ್ಟು ಜನಕ್ಕೆ ಆ ಹೆಸರಿದೆ ಅಂತ ಹೇಳುತ್ತದೆ. ಓಲ್ಸೆನ್ ಅಡ್ಡಹೆಸರು 45 ಸಾವಿರದ ಆಸುಪಾಸು ಜನಕ್ಕಿದೆ. 55 ಲಕ್ಷ ಜನರ ದೇಶ ಇದು. ಹೆಚ್ಚುಕಡಿಮೆ 120 ಜನಕ್ಕೆ ಒಬ್ಬರು. ಹಾನ್ಸೆನ್, ಯೊಹಾನ್ಸೆನ್, ಓಲ್ಸೆನ್, ಇವೇ ಮೊದಲ ಮೂರು. ಸುಮ್ನೆ ಮಂಜಪ್ಪ ಅಂತಲೂ ಹಾಕಿ ನೋಡಿದೆ. ತೀರಾ ಕಡಿಮೆ ಜನರಿದ್ದರೆ ಲೆಕ್ಕ ಕೊಡುವುದಿಲ್ಲ. ಅಪ್ಪನಿಗೆ ಫೋನ್ ಮಾಡಿ, "ನಾರ್ವೆಯಲ್ಲಿ ನಿಮ್ಮ ಹೆಸರಿಗೆ ಗೌಪ್ಯತೆ ಇದೆ" ಅಂದೆ. ಖುಷಿಪಟ್ಟರು.

ಈ ಸಂಖ್ಯೆಗೆ ಕಾನೂನಿನಲ್ಲೂ ಬೆಲೆಯಿದೆ. 2003ರಿಂದ ಜಾರಿಯಲ್ಲಿರುವ ಹೆಸರಿನ ಕಾನೂನಿನ ಪ್ರಕಾರ 200ಕ್ಕಿಂತ ಜಾಸ್ತಿ ಜನರಿಗಿರುವ ಅಡ್ಡಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದಕ್ಕಿಂತ ಅಪರೂಪದ ಹೆಸರಾದರೆ ಇರುವವರ ಒಪ್ಪಿಗೆ ಬೇಕು. ಅಂದರೆ ನಾಳೆ ನಾನೂ ಓಲ್ಸೆನ್ ಆಗಬಹುದು, ಸಿಂಹ ಸಮೇತ. ಅಪ್ಪನ ಅಥವಾ ಅಮ್ಮನ ಹೆಸರಿಗೆ ಮಗ, ಮಗಳು ಅನ್ನುವ ಬಾಲ ಸೇರಿಸಿಯೂ ಇಟ್ಟುಕೊಳ್ಳಬಹುದು. ಮಂಜಪ್ಪದಾತ್ತರ್, ಅಂದರೆ ಮಂಜಪ್ಪನ ಮಗಳು. ಅಜ್ಜಿಗೆ ಇದು ಬಹಳ ಇಷ್ಟವಾಯಿತು, ಈಗ ನನ್ನನ್ನು ಹಾಗೇ ಕರೆಯುತ್ತಾರೆ.

ಆದರೆ ಲೆಕ್ಕ ಗೊತ್ತಾದರೆ ಆ ಓಲೆ ಯಾರು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಡಿಗಿಟಾಲಾರ್ಕಿವೆ. ರಾಷ್ಟ್ರೀಯ ದಾಖಲೆ ಭಂಡಾರದವರದ್ದು, 1998ರಿಂದ ಇದೆ. ಚರ್ಚಿನ ದೀಕ್ಷಾಸ್ನಾನದ ಪುಸ್ತಕ, ಮದುವೆ ಪುಸ್ತಕ, ಹಳೆಯ ಜನಗಣತಿ ಎಲ್ಲ ಸಿಗುತ್ತವೆ. ಹುಡುಕಲು ದುಡ್ಡು ಬೇಡ, ಲಾಗಿನ್ ಬೇಡ. ಇಂಗ್ಲಿಷ್ ಪುಟವೂ ಇದೆ. 1801ರ ಫೆಬ್ರವರಿ 1ರಂದು ನಡೆದ ಜನಗಣತಿಯಲ್ಲಿ ಇಡೀ ನಾರ್ವೆಯ ಸುಮಾರು 8.8 ಲಕ್ಷ ಜನ ಹೆಸರು ಸಮೇತ ಕೂತಿದ್ದಾರೆ. ಜನಗಣತಿಯನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ಬಿಡುತ್ತಾರೆ. 1910ರದ್ದು 2010ರಲ್ಲಿ ಬಂತು, 1920ರದ್ದು 2020ರಲ್ಲಿ.

ನಾವು 1910ರಿಂದ ಹಿಂದಕ್ಕೆ ಹೊರಟೆವು. ಅಜ್ಜಿಗೆ ಗೊತ್ತಿದ್ದದ್ದು ಇಷ್ಟು: ಅವರಪ್ಪ ಓಲೆ ಓಲ್ಸೆನ್, ಹುಟ್ಟಿದ್ದು 1908. ತಾತ ಹಾನ್ಸ್ ಓಲ್ಸೆನ್. ನನಗೆ ಅಲ್ಲೇ ಖಟಕ್ ಅಂತು. "ಅಜ್ಜಿ, ನಿಮ್ಮಪ್ಪ ಹಾನ್ಸ್‌ನ ಮಗ ತಾನೆ? ಹಾಗಾದರೆ ಹಾನ್ಸೆನ್ ಆಗಬೇಕಿತ್ತಲ್ಲ?" ಎಂಬತ್ತಮೂರು ವರ್ಷದಲ್ಲಿ ಈ ಪ್ರಶ್ನೆ ಅವರಿಗೆ ಯಾರೂ ಕೇಳಿರಲಿಲ್ಲ. ಅಪ್ಪನ ಹೆಸರು ಹೊತ್ತು ಓಡಾಡುವ ನಮ್ಮಂಥವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು.

ಹಾನ್ಸ್ ಓಲ್ಸೆನ್, ನೂರ್‌ಲಾಂಡ್ (ಲೊಫೋಟನ್ ಇರುವ ಪ್ರಾಂತ್ಯ) ಅಂತ ಹಾಕಿದೆ. ಪುಟದ ಮೇಲೆ ಪುಟ ಬಂದವು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಮಂಜಣ್ಣಾ" ಅಂತ ಕೂಗಿದಷ್ಟೇ ಪ್ರಯೋಜನ. ಕೆಲಸಕ್ಕೆ ಬಂದದ್ದು ಅಜ್ಜಿ ನೆನಪಿಸಿಕೊಂಡ ಜಮೀನಿನ ಹೆಸರು. ಅದನ್ನಿಲ್ಲಿ ಬರೆಯುವುದಿಲ್ಲ, ಅಜ್ಜಿಗೆ ಇಷ್ಟವಿಲ್ಲ. ವಾಸದ ಜಾಗದ ಖಾನೆಯಲ್ಲಿ ಅದನ್ನು ಹಾಕಿದ ಕೂಡಲೇ ಒಂದೇ ಮನೆ ತೆರೆಯಿತು. ಹಾನ್ಸ್ ಓಲ್ಸೆನ್, ಮೀನುಗಾರ, ರೈತ. ಕೆಳಗೆ ಎರಡು ವರ್ಷದ ಮಗು. ಹೆಸರು ಓಲೆ ಹಾನ್ಸೆನ್.

ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರಪ್ಪ ಹುಟ್ಟಿದ್ದು ಹಾನ್ಸೆನ್ ಆಗಿ.

ಆದದ್ದೇನೆಂದರೆ, 1923ರಲ್ಲಿ ನಾರ್ವೆಯಲ್ಲಿ ಹೆಸರಿನ ಕಾನೂನು ಬಂತು. ಪ್ರತಿ ಸಂಸಾರಕ್ಕೂ ತಲೆಯಿಂದ ತಲೆಗೆ ಇಳಿಯುವ ಒಂದೇ ಅಡ್ಡಹೆಸರು ಇರಬೇಕು ಅಂತಾಯಿತು. ಅಷ್ಟರವರೆಗೆ ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಹೆಸರು ನಿಂತಲ್ಲೇ ನಿಂತಿತು. ಸಂಗೀತ ನಿಂತಾಗ ಯಾವ ಕುರ್ಚಿ ಸಿಕ್ಕಿತೋ ಅದೇ ಖಾಯಂ. ಹಾನ್ಸ್ ಓಲ್ಸೆನ್ ಮನೆಯ ಯಜಮಾನ, ಆದ್ದರಿಂದ ಮನೆಯವರೆಲ್ಲ ಓಲ್ಸೆನ್. ಹದಿನೈದು ವರ್ಷದ ಓಲೆ ಹಾನ್ಸೆನ್ ಓಲೆ ಓಲ್ಸೆನ್ ಆದ. ಡೆನ್ಮಾರ್ಕಿನಲ್ಲಿ ಈ ಆಟ 1828ರ ಆಜ್ಞೆಯಿಂದಲೇ ಮುಗಿಯತೊಡಗಿತ್ತು, ಸ್ವೀಡನ್‌ನಲ್ಲಿ 1901ರಲ್ಲಿ. ಐಸ್‌ಲ್ಯಾಂಡಿನವರು ಮಾತ್ರ ಇವತ್ತಿಗೂ ಬಿಟ್ಟಿಲ್ಲ. ಅಲ್ಲಿ ಅಪ್ಪ ಓಲಾಫುರ್ ಆದರೆ ಮಗ ಓಲಾಫ್‌ಸನ್, ಮಗಳು ಓಲಾಫ್ಸ್‌ದೋತ್ತಿರ್, ಫೋನ್ ಡೈರೆಕ್ಟರಿ ಕೂಡ ಸ್ವಂತ ಹೆಸರಿನ ಅಕ್ಷರದಲ್ಲಿ.

ಯಜಮಾನರಿಗೆ ಇದನ್ನು ಹೇಳಿದಾಗ ಅವರು ಚೆಸ್‌ಗೆ ಹೋದರು. 2013ರಲ್ಲಿ ಚೆನ್ನೈನಲ್ಲಿ ವಿಶ್ವ ಚಾಂಪಿಯನ್‌ಶಿಪ್ ಆಡಿದರಲ್ಲ, ಆನಂದ್ ಮತ್ತು ಮ್ಯಾಗ್ನಸ್ ಕಾರ್ಲ್‌ಸನ್. ಕಾರ್ಲ್‌ಸನ್ ಅಂದರೆ ಕಾರ್ಲ್‌ನ ಮಗ, ಆದರೆ ಆತನ ಅಪ್ಪ ಹೆನ್ರಿಕ್. ವಿಶ್ವನಾಥನ್ ಅಂದರೆ ಆನಂದ್ ಅವರ ಅಪ್ಪ, ಆದರೆ ಹೊರದೇಶದವರು ಮಗನನ್ನೇ "ವಿಶಿ" ಅಂತ ಕರೆದರು. ಒಬ್ಬನ ಹೆಸರಿನಲ್ಲಿ ಎಂದೋ ಸತ್ತ ಅಪ್ಪ, ಇನ್ನೊಬ್ಬರ ಹೆಸರಿನಲ್ಲಿ ನಿಜವಾದ ಅಪ್ಪ.

ಇನ್ನು 1875. ಡಿಸೆಂಬರ್ 31ರ ಲೆಕ್ಕ. ಅದೇ ಜಮೀನು. ಈ ಪುಟಕ್ಕಾಗಿಯೇ ನಾನು ಐದು ಸ್ಟಾರ್ ಕೊಟ್ಟದ್ದು. ಯಜಮಾನ ಓಲೆ ಹಾನ್ಸೆನ್. ಹೆಂಡತಿ ಕಾರೆನ್ ಪೆಡರ್ಸ್‌ದಾತ್ತರ್. ಮಗ ಹಾನ್ಸ್ ಓಲ್ಸೆನ್, ಒಂದು ವರ್ಷ. ಮಗಳು ಆನ್ನೆ ಓಲ್ಸ್‌ದಾತ್ತರ್, ನಾಲ್ಕು ವರ್ಷ. ಆಮೇಲೆ ಎರಡು ಹಸು, ಆರು ಕುರಿ, ಬಿತ್ತಿದ ಬಾರ್ಲಿ ಇಷ್ಟು, ಆಲೂಗಡ್ಡೆ ಇಷ್ಟು. ಹೌದು, ಆಗಿನ ಜನಗಣತಿಯಲ್ಲಿ ದನಕರು, ಬಿತ್ತನೆಯನ್ನೂ ಬರೆದುಕೊಳ್ಳುತ್ತಿದ್ದರು. ಸಿಂಹ ಎಲ್ಲೂ ಇರಲಿಲ್ಲ.

ನಮ್ಮ ಓಲೆ ಇವನೇ. ಅಜ್ಜಿಯ ಮುತ್ತಾತ. 45 ಸಾವಿರ ಓಲ್ಸೆನ್‌ಗಳಲ್ಲಿ ಅಜ್ಜಿಯ ಓಲ್ಸೆನ್ ಶುರುವಾದದ್ದು ಎರಡು ಹಸುವಿನ ಈ ಮನುಷ್ಯನಿಂದ.

ಓಲೆಯ ಮಗ ಹಾನ್ಸ್, ಹಾನ್ಸ್‌ನ ಮಗ ಓಲೆ. ಇದು ಕಾಕತಾಳೀಯ ಅಲ್ಲ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರಿಡುವುದು ಇಲ್ಲಿನ ಪದ್ಧತಿ. ತಾತನ ಹೆಸರು ಮೊಮ್ಮಗನಿಗೆ, ನಮ್ಮ ಕಡೆಯಂತೆಯೇ. ಹಾಗಾಗಿ ಓಲೆ ಹಾನ್ಸೆನ್, ಹಾನ್ಸ್ ಓಲ್ಸೆನ್ ಅಂತ ಗಡಿಯಾರದ ಲೋಲಕದ ಹಾಗೆ ಆಚೆಗೊಮ್ಮೆ ಈಚೆಗೊಮ್ಮೆ. ಮಗು ಸತ್ತರೆ ಮುಂದಿನ ಮಗುವಿಗೂ ಅದೇ ಹೆಸರು. ಚರ್ಚ್ ಪುಸ್ತಕ ನೋಡುವಾಗ ಇದನ್ನು ಮರೆತರೆ, ಸತ್ತ ಮಗುವಿಗೆ ಮದುವೆ ಮಾಡಿಸಿಬಿಡುತ್ತೀರಿ.

ನಾನು ದುಡ್ಡು ಕೊಟ್ಟು ಸೇರಿದ ಒಂದು ವಂಶವೃಕ್ಷದ ತಾಣ ಇಂಥದ್ದೇ ಎಡವಟ್ಟು ಮಾಡಿತು. ಹೆಸರು ಬೇಡ. ಒಂದು ತಿಂಗಳ ಚಂದಾ ಅಂತ ಸೇರಿದೆ, ಎರಡನೇ ತಿಂಗಳೂ ಕಾರ್ಡಿನಿಂದ ಹೋಯಿತು. ಓಲ್ಸೆನ್ ಅಂತ ಹಾಕಿದ ಕೂಡಲೇ ಡೆನ್ಮಾರ್ಕಿನ ಯಾರದೋ ಓಲ್ಸೆನ್ ಮನೆತನವನ್ನು ತಂದು ಅಜ್ಜಿಗೆ ಅಂಟಿಸಿತು. ಅದು ತೋರಿಸಿದ ಬಣ್ಣಬಣ್ಣದ ನಕ್ಷೆ ಚೆನ್ನಾಗಿತ್ತು, ಒಪ್ಪುತ್ತೇನೆ. ಓಲ್ಸೆನ್ ಕಡುಬಣ್ಣ ನಾರ್ವೆಯ ಉತ್ತರದಲ್ಲಿ, ನೂರ್‌ಲಾಂಡ್, ಟ್ರೊಮ್ಸ್, ಫಿನ್‌ಮಾರ್ಕ್ ಕಡೆ. ಆದರೆ ಯಾಕೆ ಹಾಗೆ ಅಂತ ಹೇಳಿದ್ದು ಆ ತಾಣ ಅಲ್ಲ, ಅಜ್ಜಿ. ನಾವಿರುವ ರೋಗಾಲಾಂಡ್ ಕಡೆ ಜನ ಜಮೀನಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡರು. ಪಕ್ಕದ ಬ್ರೂನೆ ಊರಲ್ಲಿ ಬೆಳೆದ ಫುಟ್‌ಬಾಲ್ ಆಟಗಾರ ಎರ್ಲಿಂಗ್ ಹಾಲಂಡ್ ಇದ್ದಾನಲ್ಲ, ಅದು ಜಮೀನಿನ ಹೆಸರು. ಉತ್ತರದ ಕರಾವಳಿಯಲ್ಲಿ ಬದುಕು ದೋಣಿಯಲ್ಲಿ, ಜಮೀನು ಅಂಗೈಯಷ್ಟು. ಅಲ್ಲಿ ಅಪ್ಪನ ಹೆಸರೇ ಗಟ್ಟಿಯಾಯಿತು.

ನಕ್ಷೆ ಅಮೆರಿಕದ ಮಿನೆಸೋಟದಲ್ಲೂ ಬಣ್ಣ ಬಳಿದಿತ್ತು. 1825ರ ಜುಲೈ 4ರಂದು ರೆಸ್ಟುರೇಷನ್ ಅನ್ನುವ ಸಣ್ಣ ಹಡಗು ನಮ್ಮ ಸ್ಟಾವಂಗರ್‌ನಿಂದಲೇ ಹೊರಟಿತ್ತು. ಅದರ ಹಿಂದೆ ನೂರು ವರ್ಷದಲ್ಲಿ ಸುಮಾರು 8 ಲಕ್ಷ ಜನ ಹೋದರು. ಅಲ್ಲಿ ಸ್ವೀಡನ್ನಿನ ಓಲ್ಸ್‌ಸನ್ ಒಂದು "ಸ" ಕಳೆದುಕೊಂಡ, ನಾರ್ವೆಯ ಎಷ್ಟೋ ಓಲ್ಸೆನ್‌ಗಳೂ ಕೊನೆ ತಿದ್ದಿಕೊಂಡರು. ಇಬ್ಬರೂ ಓಲ್ಸನ್ ಆದರು. ಹಾಗಾಗಿ ಅಮೆರಿಕದ ಓಲ್ಸನ್ ಎಲ್ಲಿಯವನು ಅಂತ ಹೆಸರು ನೋಡಿ ಹೇಳುವ ಹಾಗಿಲ್ಲ.

ಡಿಗಿಟಾಲಾರ್ಕಿವೆಗೆ ಹೋಗುವವರಿಗೆ ನಾಲ್ಕು ಮಾತು. ಹೆಸರುಗಳು ಮೂಲದಲ್ಲಿ ಇದ್ದ ಹಾಗೇ ಇರುತ್ತವೆ, ಓಲೆ ಒಂದು ಕಡೆ ಓಲಾ, ಇನ್ನೊಂದು ಕಡೆ ಊಲುಫ್. ಮೊದಲೆರಡು ಅಕ್ಷರ ಹಾಕಿ ನಕ್ಷತ್ರ ಚಿಹ್ನೆ ಒತ್ತಿ. ಹೆಂಗಸರನ್ನು ಹುಡುಕುವಾಗ ಸೆನ್ ಬಿಟ್ಟು ದಾತ್ತರ್ ಹಾಕಿ. ಅಜ್ಜಿಯ ಸೋದರತ್ತೆಯರು 1910ರಲ್ಲಿ ಹಾನ್ಸ್‌ದಾತ್ತರ್, ಆಮೇಲೆ ಅವರೂ "ಓಲೆಯ ಮಗ" ಆಗಿಬಿಟ್ಟರು. ಮೂಲ ಪುಸ್ತಕದ ಗಾಥಿಕ್ ಕೈಬರಹ ಮೋಡಿ ಲಿಪಿಯಂತೆ, ಕಣ್ಣಿಗೆ ಒಗ್ಗಲು ವಾರ ಬೇಕು. ಎಲ್ಲಕ್ಕಿಂತ ಮೊದಲು ಮನೆಯ ಹಿರಿಯರಿಂದ ಜಮೀನಿನ ಹೆಸರು ಕೇಳಿಕೊಳ್ಳಿ.

1875ರ ಪುಟವನ್ನು ಅಜ್ಜಿಗೆ ದೊಡ್ಡದಾಗಿ ಪ್ರಿಂಟ್ ತೆಗೆದುಕೊಟ್ಟೆ. ಬೆರಳಿಟ್ಟು ಎಣಿಸಿದರು. ಹಾನ್ಸೆನ್, ಪೆಡರ್ಸ್‌ದಾತ್ತರ್, ಓಲ್ಸೆನ್, ಓಲ್ಸ್‌ದಾತ್ತರ್. "ಒಂದೇ ಮನೆ, ನಾಲ್ಕು ಜನ, ನಾಲ್ಕು ಹೆಸರು" ಅಂದರು. ಆಮೇಲೆ ಕಿಟಕಿಯಿಂದ ನಮ್ಮ ಅಂಚೆ ಡಬ್ಬಿಯ ಕಡೆ ನೋಡಿ, "ನಿಮ್ಮದು ಮೂರೇ" ಅಂತ ಕಣ್ಣು ಹೊಡೆದರು.

ಮಗ್ ಈಗ ಅವರ ಕುರ್ಚಿಯ ಪಕ್ಕದಲ್ಲಿದೆ. ಅದರ ತುಂಬ ಹೆಣಿಗೆ ಕಡ್ಡಿ.