ಮಾಂಸಖಂಡ ಪರೀಕ್ಷೆ ಮಾಡೋ ಇಎಂಜಿ ಟೆಸ್ಟ್ ಮಾಡಿಸ್ಕೊಂಡೆ, ಐದಕ್ಕೆ ನಾಲ್ಕು ಸ್ಟಾರ್

ಐದು ತಿಂಗಳಿಂದ ಎರಡೂ ಮೀನಖಂಡ ಪಟಪಟ ಅಂತ ಅದುರ್ತಿತ್ತು, ಒಂದೊಂದ್ಸಲ ರೆಪ್ಪೆ, ಒಂದೊಂದ್ಸಲ ಹೆಬ್ಬೆರಳ ಬುಡ, ಜೊತೆಗೆ ಪಾದ ಬೇರೆ ಜುಮುಜುಮು. ಬಿ12, ಥೈರಾಯ್ಡ್, ಶುಗರ್ ಎಲ್ಲಾ ನಾರ್ಮಲ್, ಎಂಆರ್‌ಐನೂ ನಾರ್ಮಲ್. ನಾರ್ಮಲ್ ಬಂದಷ್ಟೂ ನಂಗೆ ಭಯ ಜಾಸ್ತಿ ಆಗ್ತಿತ್ತು, ಕಾರಣ ಸಿಕ್ಕಿಲ್ವಲ್ಲ ಅಂತ. ರಾತ್ರಿ ಎಲ್ಲಾ ಮೊಬೈಲಲ್ಲಿ ಹುಡುಕಿ ಹುಡುಕಿ ಎಎಲ್‌ಎಸ್ (ನರಗಳು ಸತ್ತು ಮಾಂಸಖಂಡದ ಶಕ್ತಿನೇ ಹೋಗ್ತಾ ಬರೋ ಕಾಯಿಲೆ) ಹತ್ರ ಬಂದು ನಿಂತಿದ್ದೆ. ವರ್ಷಕ್ಕೆ ಲಕ್ಷ ಜನದಲ್ಲಿ ಒಬ್ರಿಗೋ ಇಬ್ರಿಗೋ ಬರೋ ಕಾಯಿಲೆ ಅದು, ಆದ್ರೆ ಆ ಒಬ್ರು ನಾನೇ ಅಂತ ಗ್ಯಾರಂಟಿ ಇತ್ತು ನಂಗೆ. ಕೊನೆಗೆ ನ್ಯೂರಾಲಜಿಸ್ಟ್ ಎನ್‌ಸಿವಿ (ನರದ ವೇಗ ಅಳೆಯೋ ಟೆಸ್ಟ್), ಇಎಂಜಿ ಎರಡೂ ಮಾಡ್ಸಿಬಿಡಿ ಅಂದ್ರು. ಸೆಂಟರ್ ಹೆಸರು ಹಾಕ್ತಿಲ್ಲ, ಟೆಸ್ಟಿಗೆ ಹೋಗೋಕೆ ಹೆದರ್ಕೊಂಡು ಕೂತಿರೋರಿಗೆ ಅಂತ ಬರೀತಿದೀನಿ.

ಎನ್‌ಸಿವಿ ಬಗ್ಗೆ ಹೇಳೋಕೇನಿಲ್ಲ, ಸ್ಟಿಕರ್ ಅಂಟ್ಸಿ ಚುರುಕ್ ಚುರುಕ್ ಅಂತ ಕರೆಂಟ್ ಕೊಡ್ತಾರೆ ಅಷ್ಟೇ. ಟೆಕ್ನಿಷಿಯನ್ ನನ್ನ ಪಾದ ತಣ್ಣಗಿದೆ ಅಂತ ಮೊದ್ಲು ಬೆಚ್ಚಗೆ ಮಾಡಿದ್ರು, ಚರ್ಮ ತಣ್ಣಗಿದ್ರೆ ನರದ ವೇಗ ಕಮ್ಮಿ ತೋರ್ಸಿ ಇಲ್ಲದ ಕಾಯಿಲೆ ಇದ್ದಂಗೆ ಕಾಣುತ್ತಂತೆ. ಅಷ್ಟು ನೋಡಿ ಮಾಡಿದ್ದಕ್ಕೇ ಒಂದು ಸ್ಟಾರ್.

ಇಎಂಜಿಲಿ ಮಾತ್ರ ತೆಳ್ಳನೆ ಸೂಜಿ ಚುಚ್ತಾರೆ, ನೋವು ತಡ್ಕೋಬೋದು, ಕಷ್ಟ ಏನಂದ್ರೆ ಮಷಿನ್‌ಗೆ ಸ್ಪೀಕರ್ ಇರುತ್ತೆ. ತಗಡಿನ ಮೇಲೆ ಮಳೆ ಹನಿ ಬಿದ್ದಂಗೆ ಸದ್ದು ಬಂದ್ರೆ ಫಿಬ್ರಿಲೇಷನ್, ಅಂದ್ರೆ ಮಾಂಸಖಂಡದ ಎಳೆ ತಾನಾಗೇ ಮಿಡಿಯೋದು, ಅದು ಒಳ್ಳೇದಲ್ಲ ಅಂತ ನಾನು ಮೊದ್ಲೇ ಓದ್ಕೊಂಡು ಹೋಗಿದ್ದೆ (ಓದಬಾರ್ದಿತ್ತು). ಸೂಜಿ ಒಳಗೆ ಹೋದ ತಕ್ಷಣ ಚರ್ರ್ ಅಂತು, ನನ್ನ ಕಥೆ ಮುಗೀತು ಅನ್ಕೊಂಡೆ, ಡಾಕ್ಟ್ರು ನನ್ ಮುಖ ನೋಡಿ "ಸೂಜಿ ಚುಚ್ಚಿದಾಗ ಎಲ್ರಿಗೂ ಹಿಂಗೇ, ಈಗ ಕೇಳಿ" ಅಂದ್ರು. ಆಮೇಲೆ ಪೂರ್ತಿ ನಿಶ್ಶಬ್ದ. ಮಧ್ಯದಲ್ಲಿ ಟಪ್ ಅಂತ ಒಂದೇ ಒಂದು ಸದ್ದು, ಅದೇ ಹೊತ್ತಿಗೆ ಕಾಲು ಅದುರ್ತು. "ನಿಮ್ಮದು ಇದೇ, ಸುತ್ತ ಬೇರೇನೂ ಇಲ್ಲ." ಐದು ತಿಂಗಳು ಮನೇಲಿ ಎಲ್ರೂ ಅದು ನಿನ್ನ ಭ್ರಮೆ ಅಂತಿದ್ರು, ನನ್ನ ಕಾಲೊಳಗಿನ ಸದ್ದು ಇನ್ನೊಬ್ರ ಕಿವಿಗೂ ಬಿತ್ತಲ್ಲ ಅಂತ ಅಲ್ಲೇ ಅತ್ಬಿಟ್ಟೆ. ಈ ಹತ್ತು ಸೆಕೆಂಡಿಗೆ ಎಷ್ಟು ಸ್ಟಾರ್ ಕೊಟ್ರೂ ಕಮ್ಮಿನೇ.

ಆಮೇಲೆ ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಸಿ ನೋಡಿದ್ರು. ಬರೀ ಅದುರೋದು ಬೇರೆ, ಪಾದ ಎತ್ತೋಕಾಗದೆ ಇರೋದು, ಕೈಯಿಂದ ವಸ್ತು ಜಾರೋದು ಬೇರೆ, ಶಕ್ತಿ ಕಮ್ಮಿ ಆದ್ರೆ ತಕ್ಷಣ ಬನ್ನಿ ಅಂದ್ರು. ಮತ್ತೆ ದಿನಕ್ಕೆ ಎಷ್ಟು ಸಲ ಚೆಕ್ ಮಾಡ್ಕೋತೀರಾ ಅಂತ ಕೇಳಿದ್ರು. ಟೇಪ್ ಹಿಡಿದು ಮೀನಖಂಡ ಅಳೆಯೋದು, ಒಂಟಿ ಕಾಲಲ್ಲಿ ನಿಲ್ಲೋದು ಎಲ್ಲಾ ಸೇರ್ಸಿ ಮೂವತ್ತು ಅಂತ ಹೇಳ್ದೆ, ನಿಜ ಜಾಸ್ತಿನೇ ಇತ್ತು. ದಣಿದ ಮಾಂಸಖಂಡ ಇನ್ನೂ ಅದುರುತ್ತೆ, ಗಾಬರಿಲಿ ಜೋರಾಗಿ ಉಸಿರಾಡಿದ್ರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಕೈಕಾಲು ಜುಮುಗುಡುತ್ತೆ ಅಂತ ವಿವರಿಸಿದ್ರು. ಚೀಟಿಲಿ ಆರೋಗ್ಯದ ಆತಂಕ, ಸಿಬಿಟಿ (ಯೋಚನೆ, ಅಭ್ಯಾಸ ಬದಲಾಯ್ಸೋ ಮಾತಿನ ಚಿಕಿತ್ಸೆ) ಅಂತ ಬರೆದಿದ್ದು ನೋಡಿ ನಂಗೆ ಕೋಪ ಬಂತು.

ಈಗ ಬೈಯೋ ಭಾಗ. ರಿಪೋರ್ಟ್ ಮೊಬೈಲಿಗೆ ಬಂದಿದ್ದು ಶುಕ್ರವಾರ ರಾತ್ರಿ, ಡಾಕ್ಟ್ರು ಸಿಗೋದು ಸೋಮವಾರ. ಕೊನೇಲಿ "ಕ್ಲಿನಿಕಲ್ ಕೋರಿಲೇಷನ್ ಅಗತ್ಯ" (ರೋಗಿಯ ಲಕ್ಷಣದ ಜೊತೆ ಹೋಲಿಸಿ ನೋಡ್ಬೇಕು) ಅಂತ ಒಂದು ಸಾಲು, ಎಲ್ಲಾ ರಿಪೋರ್ಟಲ್ಲೂ ಹಾಕೋ ಸಾಲಂತೆ ಅದು, ನಂಗೆ ಯಾರು ಹೇಳ್ಬೇಕು, ಎರಡು ರಾತ್ರಿ ಅದನ್ನೇ ಓದಿದೀನಿ. ನಾರ್ಮಲ್ ಅಂತ ಗೊತ್ತಾದ್ಮೇಲೂ ನೆಮ್ಮದಿ ಇದ್ದಿದ್ದು ಸರಿಯಾಗಿ ಒಂಬತ್ತು ದಿನ. ಹತ್ತನೇ ದಿನ ತೀರಾ ಸಣ್ಣ ನರಗಳ ತೊಂದರೆ ಎನ್‌ಸಿವಿಲಿ ಕಾಣಲ್ಲ ಅಂತ ಓದ್ದೆ. ಓದಿದ್ದು ನಿಜಾನೇ, ಆದ್ರೆ ಮತ್ತೆ ಶುರು.

ಇನ್ನೊಂದ್ಸಲ ಟೆಸ್ಟ್ ಮಾಡಿ ಅಂತ ಫೋನ್ ಮಾಡಿದ್ರೆ ಡಾಕ್ಟ್ರು ಒಪ್ಪಲಿಲ್ಲ, ಸಿಬಿಟಿಗೆ ಹೋದ್ರಾ ಅಂತ ಕೇಳಿದ್ರು. ಆ ಸಿಟ್ಟಿಗೆ ಎರಡು ಸ್ಟಾರ್ ಕಿತ್ಕೊಂಡು ರಿವ್ಯೂ ಹಾಕಿದ್ದೆ. ಈಗ ಸಿಬಿಟಿಗೆ ಹೋಗ್ತಿದೀನಿ, ಟೇಪ್ ಅಣ್ಣನ ಹತ್ರ ಕೊಟ್ಟಿದೀನಿ, ಕಾಲು ಈಗ್ಲೂ ಅದುರುತ್ತೆ, ಇದನ್ನ ಟೈಪ್ ಮಾಡುವಾಗ್ಲೂ ಎರಡು ಸಲ ಆಯ್ತು. ಒಂದು ಸ್ಟಾರ್ ವಾಪಸ್ ಕೊಟ್ಟಿದೀನಿ. ಶುಕ್ರವಾರ ರಾತ್ರಿ ರಿಪೋರ್ಟ್ ಕಳಿಸಿದ್ದಕ್ಕೆ ಇನ್ನೊಂದು ಮಾತ್ರ ಕೊಡಲ್ಲ.