ನಾಲ್ಕು ವರ್ಷ ಸ್ಟೋರೇಜ್‌ಗೆ ದುಡ್ಡು ಕಟ್ಟಿದೆ, ತಮ್ಮ ಲಾಕ್ ಇರುವ ಇಎಂಐ ಫೋನ್ ತಗೊಂಡ: ಎರಡರ ಅನುಭವ

ಫೋಟೊ, ಮೇಲ್ ಇಡಲು ದುಡ್ಡಿಗೆ ಜಾಗ ಕೊಡುವ ಗೂಗಲ್ ಒನ್‌ನ 100 ಜಿಬಿ ಪ್ಲಾನ್‌ಗೆ 2022ರ ಜನವರಿಯಿಂದ ದುಡ್ಡು ಕಟ್ಟುತ್ತಿದ್ದೇನೆ. ತಿಂಗಳಿಗಾದರೆ 130 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1,300. ನಾನು ವರ್ಷದ್ದೇ ಕಟ್ಟುವುದು. ನಾಲ್ಕು ಸಲ ಕಟ್ಟಿದ್ದೇನೆ, 5,200 ಆಯಿತು. ನಮ್ಮ ಹಾಸನದಲ್ಲಿ ಲೈನಿಂಗ್ ಬ್ಲೌಸ್ ಒಂದಕ್ಕೆ ನಾನು 400 ರೂಪಾಯಿ ತಗೊಳ್ಳುತ್ತೇನೆ. ಅಂದರೆ ವರ್ಷಕ್ಕೆ ಮೂರೂ ಚಿಲ್ಲರೆ ಬ್ಲೌಸ್ ಹೊಲಿದ ಕೂಲಿ ಇದಕ್ಕೇ ಹೋಗುತ್ತದೆ. ಕಡಿಮೆ ದುಡ್ಡು ಅಂತ ನಾನು ಹೇಳುವುದಿಲ್ಲ. ಆದರೂ ಕಟ್ಟುತ್ತಿದ್ದೇನೆ, ಯಾಕೆ ಅಂತ ಹೇಳುತ್ತೇನೆ.

ನನ್ನ ಕೆಲಸವೇ ಫೋಟೊ ಮೇಲೆ ನಡೆಯುತ್ತದೆ. ಹೊಲಿದ ಪ್ರತಿ ಬ್ಲೌಸ್‌ಗೂ ಹಿಂದೆ, ಮುಂದೆ, ತೋಳು ಅಂತ ಮೂರು ಫೋಟೊ. ಕುಚ್ಚು ಕಟ್ಟಿದರೆ ಸೆರಗಿನದ್ದು ಬೇರೆ. ಅಳತೆ ಬರೆಯುವ ಪುಸ್ತಕದ ಪುಟಗಳನ್ನೂ ಫೋಟೊ ತೆಗೆದಿಡುತ್ತೇನೆ, ಯಾಕೆಂದರೆ ಪುಸ್ತಕದ ಮೇಲೆ ಚಾಕ್ ಪುಡಿ ಬಿದ್ದು, ಕೈ ಒರೆಸಿ, ಆರು ತಿಂಗಳಲ್ಲಿ ಅಂಕಿಗಳೇ ಮಾಸಿಹೋಗುತ್ತವೆ. ಎಷ್ಟೋ ಜನ ಬಂದು "ಅಕ್ಕಾ, ಹೋದ ವರ್ಷ ನಾಮಕರಣಕ್ಕೆ ಹೊಲಿದ್ರಲ್ಲ, ಅದೇ ಥರ ಕತ್ತು ಬೇಕು" ಅನ್ನುತ್ತಾರೆ. ಯಾವ ತಿಂಗಳು ಅಂತ ಕೇಳಿ, ಹಿಂದಕ್ಕೆ ಹೋಗಿ ನೋಡಿದರೆ ಎರಡು ನಿಮಿಷದಲ್ಲಿ ಸಿಗುತ್ತದೆ. ತಿಂಗಳು ನೆನಪಿಲ್ಲದಿದ್ದರೆ ಹಸಿರು ಸೀರೆ ಅಂತ ಇಂಗ್ಲಿಷಿನಲ್ಲಿ ಹಾಕಿದರೂ ಗೂಗಲ್ ಫೋಟೋಸ್ ಆ್ಯಪ್ ಸುಮಾರಾಗಿ ಹುಡುಕಿಕೊಡುತ್ತದೆ.

ಗೂಗಲ್ ಫೋಟೋಸ್‌ನಲ್ಲಿ ಮೊದಲು ಎಷ್ಟು ಬೇಕಾದರೂ ಇಡಬಹುದಿತ್ತು, ಸ್ವಲ್ಪ ಗಾತ್ರ ಇಳಿಸಿ ಇಡುತ್ತಿತ್ತು ಅಷ್ಟೆ. 2021ರ ಜೂನ್ 1ರಿಂದ ಅದು ನಿಂತಿತು. ಆಮೇಲೆ ಹಾಕಿದ್ದೆಲ್ಲ ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಲೆಕ್ಕಕ್ಕೆ ಬರುತ್ತದೆ. ಆ 15 ಜಿಬಿಯಲ್ಲೇ ಜಿಮೇಲ್, ಡ್ರೈವ್ ಎಲ್ಲ ಸೇರಿದೆ. ಈಚೆಗೆ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ಪೂ ಅದರಲ್ಲೇ. ತುಂಬಿಹೋದರೆ ಫೋಟೊ ಮಾತ್ರ ಅಲ್ಲ, ಹೊಸ ಮೇಲ್ ಬರುವುದೂ ನಿಲ್ಲುತ್ತದೆ. ಮಗನ ಕಾಲೇಜಿನ ಮೇಲ್, ಬ್ಯಾಂಕಿನ ಮೇಲ್ ಎಲ್ಲ ನನ್ನ ಅಕೌಂಟಿಗೇ ಬರುವುದು. ಅದು ತುಂಬುವ ಮೊದಲೇ ಪ್ಲಾನ್ ತಗೊಂಡೆ. ಒಂದೇ ಪ್ಲಾನ್ ಅನ್ನು ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು ಅಂತ ನನಗೆ ಗೊತ್ತಾಗಿದ್ದು ಒಂದು ವರ್ಷ ಕಳೆದ ಮೇಲೆ. ಈಗ ಯಜಮಾನರು, ತಮ್ಮ, ಮಗ ಎಲ್ಲರೂ ಇದರಲ್ಲೇ ಇದ್ದಾರೆ. ಒಬ್ಬರ ಫೋಟೊ ಇನ್ನೊಬ್ಬರಿಗೆ ಕಾಣುವುದಿಲ್ಲ, ಜಾಗ ಮಾತ್ರ ಪಾಲು.

2024ರ ಮಾರ್ಚಿನಲ್ಲಿ ಅರಸೀಕೆರೆಯಿಂದ ಬರುವಾಗ ಬಸ್ಸಿನಲ್ಲಿ ಫೋನ್ ಕಳೆದುಹೋಯಿತು. ಮದುವೆ ಸೀಸನ್. ಹನ್ನೊಂದು ಬ್ಲೌಸ್‌ನ ಅಳತೆ ಅದರಲ್ಲಿತ್ತು, ಅದರಲ್ಲಿ ನಾಲ್ಕು ಪುಸ್ತಕದಲ್ಲಿ ಬರೆದೇ ಇರಲಿಲ್ಲ, ಗ್ರಾಹಕರು ಕಳಿಸಿದ್ದ ಫೋಟೊ ಅಷ್ಟೆ. ಸ್ಟೇಷನ್‌ಗೆ ಹೋಗಿ ದೂರು ಕೊಟ್ಟು, ಅದರ ಪ್ರತಿ ತಗೊಂಡು, ಸಿಇಐಆರ್ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಪ್ರತಿ ಫೋನಿಗೂ ಬೇರೆ ಬೇರೆ ಇರುವ ಐಎಂಇಐ ನಂಬರ್ ಹಾಕಿ ಫೋನ್ ಬ್ಲಾಕ್ ಮಾಡಿಸಿದೆವು. ಈ ವ್ಯವಸ್ಥೆ 2023ರ ಮೇನಿಂದ ದೇಶಕ್ಕೆಲ್ಲ ಬಂದಿದೆ. ಐಎಂಇಐ ಡಬ್ಬದ ಮೇಲೆ ಇತ್ತು. ಡಬ್ಬ ಎಸೆದಿದ್ದರೆ ಕಷ್ಟವಾಗುತ್ತಿತ್ತು. ನಿಮ್ಮ ಫೋನಿನಲ್ಲಿ ಈಗಲೇ *#06# ಒತ್ತಿ, ಬರುವ ನಂಬರನ್ನು ಎಲ್ಲಾದರೂ ಬರೆದಿಡಿ. ಬ್ಲಾಕ್ ಆದ ಫೋನಿಗೆ ಯಾವ ಸಿಮ್ ಹಾಕಿದರೂ ನೆಟ್‌ವರ್ಕ್ ಬರುವುದಿಲ್ಲ. ಸಿಕ್ಕವರು ಅದನ್ನು ರೀಸೆಟ್ ಮಾಡಿದರೂ ನನ್ನ ಗೂಗಲ್ ಅಕೌಂಟ್ ಕೇಳುತ್ತದೆ. ಇದೂ ಒಂದು ಬೀಗವೇ ಅಲ್ವಾ? ಆದರೆ ಬೀಗದ ಕೈ ನನ್ನ ಹತ್ತಿರ ಇದೆ.

ಹೊಸ ಫೋನ್ ಮರುದಿನವೇ ತಂದೆ. ಅಕೌಂಟ್ ತೆರೆಯಲು ಓಟಿಪಿ ಬೇಕು, ಓಟಿಪಿ ಬರುವ ಸಿಮ್ ಕಳೆದುಹೋದ ಫೋನಿನಲ್ಲಿದೆ. ಡೂಪ್ಲಿಕೇಟ್ ಸಿಮ್ ಸಿಕ್ಕಿತು, ಆದರೆ ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ಮೋಸ ತಪ್ಪಿಸಲು ಮಾಡಿದ ನಿಯಮ ಅದು, ಸರಿಯೇ ಇದೆ. ಆದರೆ ಆ ಒಂದು ದಿನ ನಾನು ಮೆಷಿನ್ ಮುಂದೆ ಕೈ ಕಟ್ಟಿ ಕೂತಿದ್ದೆ. ಗುರುವಾರ ಮಧ್ಯಾಹ್ನ ಓಟಿಪಿ ಬಂತು. ಅಕೌಂಟ್ ತೆರೆದ ಕೂಡಲೇ ಫೋಟೊಗಳು ಒಂದೊಂದೇ ಮೇಲಿಂದ ಇಳಿಯುತ್ತಾ ಬಂದವು. ಮೊದಲು ಬಂದಿದ್ದೇ ಸೋಮವಾರ ತೆಗೆದ ಅಳತೆ ಪುಟ, ಎದೆ 36, ಸೊಂಟ 31, ತೋಳು ಹತ್ತೂವರೆ. ಅದನ್ನು ನೋಡಿ ನಿಜವಾಗಲೂ ಕಣ್ಣಲ್ಲಿ ನೀರು ಬಂತು. ಯಾರ ಮದುವೆಯೂ ಬ್ಲೌಸ್ ಇಲ್ಲದೆ ನಿಲ್ಲಲಿಲ್ಲ.

ಗೂಗಲ್ ಅಕೌಂಟಿನ ಸೆಕ್ಯುರಿಟಿ ಭಾಗದಲ್ಲಿ ಬ್ಯಾಕಪ್ ಕೋಡ್ ಅಂತ ಇದೆ. ಹತ್ತು ಕೋಡ್ ಕೊಡುತ್ತದೆ, ಪ್ರತಿಯೊಂದೂ ಎಂಟು ಅಂಕಿ. ಸಿಮ್ ಇಲ್ಲದಿದ್ದರೂ ಅದರಿಂದ ಒಳಗೆ ಹೋಗಬಹುದು, ಒಂದು ಕೋಡ್ ಒಂದೇ ಸಲಕ್ಕೆ. ಇದಕ್ಕೆ ದುಡ್ಡಿಲ್ಲ. ನಾನು ಅದನ್ನು ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಮೊದಲೇ ಬರೆದಿದ್ದರೆ ಆ ಒಂದು ದಿನ ಉಳಿಯುತ್ತಿತ್ತು.

ಇನ್ನೊಂದು ವಿಷಯ ಎಲ್ಲರಿಗೂ ಗೊತ್ತಿರಲಿ. ಬ್ಯಾಕಪ್ ಆಗಿದೆ ಅಂತ ಫೋಟೋಸ್ ಆ್ಯಪ್‌ನಲ್ಲಿ ಒಂದು ಫೋಟೊ ಅಳಿಸಿದರೆ ಗೂಗಲ್ ಹತ್ತಿರ ಇರುವ ಪ್ರತಿಯೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಆಮೇಲೆ ಇಲ್ಲ. ಫೋನಿನ ಜಾಗ ಮಾತ್ರ ಖಾಲಿ ಮಾಡಬೇಕು ಅಂದರೆ ಅದಕ್ಕೆ ಬೇರೆ ಬಟನ್ ಇದೆ. ನಮ್ಮಮ್ಮ ಹೀಗೆಯೇ ಮೊಮ್ಮಗನ ಮೊದಲ ಹುಟ್ಟುಹಬ್ಬದ ಫೋಟೊ ಅಳಿಸಿದ್ದರು. ಐವತ್ತನೇ ದಿನದ ಹೊತ್ತಿಗೆ ಗೊತ್ತಾಗಿ ವಾಪಸ್ ತಂದೆವು.

ಹಾಗಾದರೆ ಜೀವನಪೂರ್ತಿ ಕಟ್ಟುತ್ತಲೇ ಇರಬೇಕಾ? ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ಕಟ್ಟುವುದು ನಿಲ್ಲಿಸಿ, ಜಾಗ ಮೀರಿದ ಸ್ಥಿತಿಯಲ್ಲೇ ಎರಡು ವರ್ಷ ಬಿಟ್ಟರೆ ಇಟ್ಟಿದ್ದನ್ನು ಅಳಿಸಬಹುದು ಅಂತ ನಿಯಮದಲ್ಲೇ ಇದೆ. ಅದಕ್ಕೆ ಹೋದ ವರ್ಷ ಒಂದು ಸಲ ಹೊರಗೆ ತರಿಸಿ ನೋಡೋಣ ಅಂತ ಮಗನ ಲ್ಯಾಪ್‌ಟಾಪಿನಲ್ಲಿ ಕೂತೆ. ಗೂಗಲ್ ಟೇಕ್‌ಔಟ್ ಅಂತ ಇದೆ, ಎಲ್ಲ ಫೋಟೊಗಳನ್ನೂ ಗಂಟು ಕಟ್ಟಿ ಕೊಡುತ್ತದೆ. ನನ್ನದು 38 ಜಿಬಿ. ಎರಡೆರಡು ಜಿಬಿಯ ಕಟ್ಟು ಮಾಡಿ ಕೊಡು ಅಂದರೆ ಹತ್ತೊಂಬತ್ತು ಇಪ್ಪತ್ತು ಕಟ್ಟಾಗುತ್ತದೆ, ಒಂದು ವಾರದೊಳಗೆ ಇಳಿಸಿಕೊಳ್ಳಬೇಕು. ದೊಡ್ಡ ಕಟ್ಟನ್ನೂ ಕೇಳಬಹುದು, ನಮ್ಮ ಮನೆ ಇಂಟರ್‌ನೆಟ್‌ಗೆ ಚಿಕ್ಕದೇ ವಾಸಿ. ಕ್ಯಾಮೆರಾದಲ್ಲಿ ತೆಗೆದ ಫೋಟೊದ ತಾರೀಖು ಹಾಗೇ ಬಂತು. ವಾಟ್ಸಾಪ್‌ನಲ್ಲಿ ಬಂದ ಫೋಟೊಗಳ ತಾರೀಖು ಮಾತ್ರ ಪಕ್ಕದ ಒಂದು ಪುಟ್ಟ ಫೈಲಿನಲ್ಲಿ ಉಳಿಯುತ್ತದೆ, ಫೋಟೊ ಒಳಗಿರುವುದಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಅವೆಲ್ಲ ಒಂದೇ ದಿನದ್ದು ಅನ್ನುವ ಹಾಗೆ ಕಾಣುತ್ತವೆ. ಇದು ತಲೆನೋವೇ. ಆದರೂ ಬಾಗಿಲು ಇದೆ, ಇಡೀ ಸಾಮಾನು ಹೊರಗೆ ಬಂತು, ಈಗ 4,200 ರೂಪಾಯಿಯ ಹಾರ್ಡ್ ಡಿಸ್ಕ್‌ನಲ್ಲಿ ಬೀರುವಿನಲ್ಲಿದೆ. ಐಫೋನ್ ಕಡೆಯೂ ಇಂಥ ದಾರಿ ಇದೆ, ಅವರ ಸ್ಟೋರೇಜ್ ಆದ ಐಕ್ಲೌಡ್‌ನಿಂದ ಗೂಗಲ್ ಫೋಟೋಸ್‌ಗೆ ನೇರ ಕಳಿಸಬಹುದು, 2024ರಿಂದ ಗೂಗಲ್‌ನಿಂದ ಐಕ್ಲೌಡ್‌ಗೂ.

ಈಗ ತಮ್ಮನ ಫೋನ್ ವಿಷಯ. ಇದನ್ನು ಬರೆಯಬೇಕು ಅಂತಲೇ ನಾನು ಶುರು ಮಾಡಿದ್ದು.

ತಮ್ಮ ಗೂಡ್ಸ್ ಆಟೊ ಓಡಿಸುತ್ತಾನೆ. 18,000 ರೂಪಾಯಿಯ ಫೋನನ್ನು ಅಂಗಡಿಯಲ್ಲೇ ಇದ್ದ ಒಂದು ಫೈನಾನ್ಸ್ ಕಂಪನಿಯ ಮೂಲಕ ಇಎಂಐನಲ್ಲಿ ತಗೊಂಡ. 3,600 ಮುಂಗಡ, ಎಂಟು ಕಂತು, ಕಂತಿಗೆ 1,800. ಬಡ್ಡಿ ಇಲ್ಲ ಅಂದರು. ಬಡ್ಡಿ ಇರಲಿಲ್ಲ ಸರಿ, ಪ್ರೊಸೆಸಿಂಗ್ ಫೀ 799, ಅವನು ಕೇಳದೇ ಇದ್ದ ಇನ್ಶೂರೆನ್ಸ್ 1,199. ಸುಮ್ನೆ ಸಹಿ ಹಾಕಿ ಬಂದ. ಫೋನ್ ಚಾಲೂ ಮಾಡುವಾಗಲೇ ಅಂಗಡಿ ಹುಡುಗ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಅದೇನು ಅಂತ ಇವನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾಲ್ಕನೇ ಕಂತಿನ ದಿನ ಬ್ಯಾಂಕ್ ಅಕೌಂಟಿನಲ್ಲಿ 1,800ಕ್ಕೆ ಎಪ್ಪತ್ತು ರೂಪಾಯಿ ಕಡಿಮೆ ಇತ್ತು. ಕಂತು ಬೌನ್ಸ್ ಆಯಿತು, ಇವನು ಮೆಸೇಜ್ ನೋಡಲಿಲ್ಲ. ಶನಿವಾರ ಸಂಜೆ ಎಪಿಎಂಸಿ ಹತ್ತಿರ ಲೋಡ್ ಇಳಿಸುತ್ತಿದ್ದಾಗ ಫೋನ್ ಪರದೆ ತುಂಬ ಒಂದೇ ಬರಹ, ಕಂತು ಬಾಕಿ ಇದೆ, ಕಟ್ಟಿ ಅಂತ. ಬೇರೇನೂ ತೆರೆಯುವುದಿಲ್ಲ. ತುರ್ತು ಕರೆ ಮಾತ್ರ ಹೋಗುತ್ತದೆ. ಅವನಿಗೆ ಬಾಡಿಗೆ ಬರುವುದು ಫೋನಿನಲ್ಲಿ, ದಾರಿ ನೋಡುವುದು ಫೋನಿನಲ್ಲಿ, ದುಡ್ಡು ಬರುವುದೂ ಫೋನಿನಲ್ಲಿ. ಆಟೊಗೆ ಅಂಟಿಸಿದ ಕ್ಯೂಆರ್‌ಗೆ ಜನ ದುಡ್ಡು ಹಾಕುತ್ತಾರೆ, ಆದರೆ ಬಂತೋ ಇಲ್ಲವೋ ನೋಡುವುದು ಹೇಗೆ? ಭಾನುವಾರ ಇಡೀ ದಿನ ಅವರು ತೋರಿಸಿದ ಪರದೆ ನಂಬಿ, ಒಂದು ಚೀಟಿಯಲ್ಲಿ ಹೆಸರು, ಮೊತ್ತ ಬರೆದುಕೊಂಡು ಓಡಾಡಿದ. ಬಾಕಿ ದುಡ್ಡನ್ನು ನಾನೇ ನನ್ನ ಫೋನಿಂದ ಭಾನುವಾರ ಬೆಳಿಗ್ಗೆ ಕಟ್ಟಿದೆ, ಬೌನ್ಸ್ ಚಾರ್ಜ್ ಐನೂರು ಚಿಲ್ಲರೆ ಸೇರಿಸಿ. ಬೀಗ ತೆರೆದಿದ್ದು ಸೋಮವಾರ ಮಧ್ಯಾಹ್ನ. ಕಟ್ಟಿದ ಮೇಲೂ ಒಂದೂಕಾಲು ದಿನ. ಸಹಾಯವಾಣಿಗೆ ಕರೆ ಮಾಡಿದರೆ ರಜಾ ದಿನ, ಸಿಸ್ಟಮ್ ಅಪ್‌ಡೇಟ್ ಆಗಬೇಕು ಅಂದರು.

ಸಾಲ ಕೊಟ್ಟವರು ವಸೂಲಿ ಮಾಡಬೇಕು, ಅದನ್ನು ನಾನು ತಪ್ಪು ಅನ್ನುವುದಿಲ್ಲ. ತಮ್ಮನೂ ಅಕೌಂಟ್ ನೋಡಿಕೊಳ್ಳಬೇಕಿತ್ತು. ಆದರೆ ಎಪ್ಪತ್ತು ರೂಪಾಯಿ ಕೊರತೆಗೆ ಒಬ್ಬನ ದುಡಿಮೆಯನ್ನೇ ಎರಡು ದಿನ ನಿಲ್ಲಿಸುವುದು ಯಾವ ನ್ಯಾಯ? ದುಡಿದರೆ ತಾನೆ ಕಂತು ಕಟ್ಟುವುದು? ಈ ಲಾಕ್ ಫೋನ್ ರೀಸೆಟ್ ಮಾಡಿದರೂ ಹೋಗುವುದಿಲ್ಲ. ಹೊರಗೆ ಯಾರೋ ತೆಗೆದುಕೊಡುತ್ತೇನೆ ಅಂದರೂ ಕೊಡಬೇಡಿ, ಫೋನಿನಲ್ಲಿರುವುದೆಲ್ಲ ಅವರ ಕೈಗೆ ಕೊಟ್ಟ ಹಾಗೆ.

ಇಎಂಐನಲ್ಲಿ ತಗೊಳ್ಳಲೇಬೇಕು ಅಂತಿದ್ದರೆ, ಸಹಿ ಹಾಕುವ ಮೊದಲು ಫೋನ್ ಲಾಕ್ ಮಾಡುವ ಆ್ಯಪ್ ಹಾಕುತ್ತೀರಾ ಅಂತ ನೇರ ಕೇಳಿ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೇಳಿ ಪಡೆಯಿರಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಇಂಥ ಸಾಲಕ್ಕೆಲ್ಲ ಅದನ್ನು ಕೊಡಲೇಬೇಕು, ಎಲ್ಲ ಖರ್ಚು ಸೇರಿ ನಿಜವಾದ ವಾರ್ಷಿಕ ದರ ಎಷ್ಟು ಅಂತ ಅದರಲ್ಲಿ ಬರೆದಿರುತ್ತದೆ. ಬಡ್ಡಿ ಇಲ್ಲ ಅಂದ ಸಾಲದಲ್ಲಿ ತಮ್ಮ 1,998 ರೂಪಾಯಿ ಜಾಸ್ತಿ ಕೊಟ್ಟಿದ್ದಾನೆ, ಬೌನ್ಸ್ ಚಾರ್ಜ್ ಬಿಟ್ಟು. ಸಾಲದ ಆ್ಯಪ್ ನಿಮ್ಮ ಫೋಟೊ, ಕಾಂಟ್ಯಾಕ್ಟ್, ಕರೆಗಳ ಪಟ್ಟಿ ನೋಡುವ ಹಾಗಿಲ್ಲ ಅಂತಲೂ 2022ರಿಂದ ರಿಸರ್ವ್ ಬ್ಯಾಂಕ್ ಹೇಳಿದೆ. ಪರ್ಮಿಷನ್ ಕೇಳಿದರೆ ಬೇಡ ಅನ್ನಿ.

ಬೀಗ ಇರುವ ಫೋನೆಲ್ಲ ಕೆಟ್ಟದ್ದು ಅಂತಲ್ಲ. ಅಪ್ಪನಿಗೆ 1,500 ರೂಪಾಯಿ ಡೆಪಾಸಿಟ್ ಕಟ್ಟಿ ಜಿಯೋಫೋನ್ ತಂದಿದ್ದೆವು. ಅದಕ್ಕೆ ಬೇರೆ ಕಂಪನಿ ಸಿಮ್ ಹಾಕಲು ಆಗುತ್ತಿರಲಿಲ್ಲ, ಅದು ಮೊದಲೇ ಗೊತ್ತಿತ್ತು, ಅಪ್ಪನಿಗೆ ಬೇರೆ ಸಿಮ್ ಬೇಕೂ ಇರಲಿಲ್ಲ. ಇನ್ನು ನನ್ನ ನಂಬರ್ ನೋಡಿ. 2011ರ ಜನವರಿಯಿಂದ ದೇಶದಲ್ಲೆಲ್ಲ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಬಹುದು. ನಾನು ಎರಡು ಸಲ ಪೋರ್ಟ್ ಮಾಡಿದ್ದೇನೆ, ಒಬ್ಬ ಗ್ರಾಹಕರೂ ತಪ್ಪಿಹೋಗಲಿಲ್ಲ. ಆ ಹಕ್ಕು ಇಲ್ಲದಿದ್ದರೆ 2024ರ ಜುಲೈನಲ್ಲಿ ರೀಚಾರ್ಜ್ ದರ ಏರಿದಾಗ ಬಾಯಿ ಮುಚ್ಚಿಕೊಂಡು ಕಟ್ಟಬೇಕಿತ್ತು.

ಯೂಟ್ಯೂಬ್ ಪ್ರೀಮಿಯಂ ಎರಡು ವರ್ಷ ಇತ್ತು. ಪರದೆ ಆರಿಸಿ ಹಾಡು ಕೇಳುತ್ತಾ ಹೊಲಿಯಬಹುದು, ಮಧ್ಯೆ ಜಾಹೀರಾತು ಇಲ್ಲ. ನಿಜಕ್ಕೂ ಹಿತ. ತಿಂಗಳಿಗೆ 129 ಇದ್ದದ್ದು 2024ರ ಆಗಸ್ಟಿನಲ್ಲಿ 149 ಆಯಿತು, ಆಗ ಬಿಟ್ಟೆ. ಇಳಿಸಿಟ್ಟ ಹಾಡುಗಳು ಕಟ್ಟುವವರೆಗೆ ಮಾತ್ರ. ಎರಡು ವರ್ಷದ ದುಡ್ಡಿಗೆ ಕೊನೆಯಲ್ಲಿ ಕೈಯಲ್ಲಿ ಏನೂ ಉಳಿಯಲಿಲ್ಲ. ಈಗ ಹಾಸನ ಆಕಾಶವಾಣಿ ಹಾಕಿಕೊಳ್ಳುತ್ತೇನೆ. ತಾನಾಗಿ ದುಡ್ಡು ಕಡಿತವಾಗುವ ಸೇವೆಗಳನ್ನು ನಿಲ್ಲಿಸುವುದು ಕಷ್ಟ ಅಂದುಕೊಂಡಿದ್ದೆ. ಯುಪಿಐ ಆ್ಯಪ್‌ನಲ್ಲಿ ಆಟೊಪೇ ಅಂತ ಇರುತ್ತದೆ, ಅಲ್ಲಿ ಎಲ್ಲ ಪಟ್ಟಿ ಸಿಗುತ್ತದೆ, ರದ್ದು ಮಾಡಬಹುದು. ಕಡಿತಕ್ಕೆ ಒಂದು ದಿನ ಮೊದಲು ಮೆಸೇಜ್ ಬರುತ್ತದೆ, ಅದನ್ನು ಓದಿ.

ಸ್ಕ್ರೀನ್ ಒಡೆದರೆ ಬದಲಿಸಿಕೊಡುವ ಪ್ಲಾನ್ ಒಂದನ್ನೂ ತಗೊಂಡಿದ್ದೆ. ಒಡೆಯಲಿಲ್ಲ, ದುಡ್ಡು ಹೋಯಿತು. ಚಿಕ್ಕ ಮಕ್ಕಳಿರುವ ಮನೆಗೆ ಸರಿ, ನನಗೆ ಬೇಡ.

ಸ್ಟೋರೇಜ್ ಅನ್ನು ಈ ಜನವರಿಯಲ್ಲೂ ಕಟ್ಟುತ್ತೇನೆ. ವರ್ಷಕ್ಕೊಮ್ಮೆ ಹಾರ್ಡ್ ಡಿಸ್ಕ್‌ಗೂ ಇಳಿಸುತ್ತೇನೆ. ತಮ್ಮನ ಎಂಟನೇ ಕಂತು ಮುಗಿದು, ಮೂರು ಸಲ ಫೋನ್ ಮಾಡಿದ ಮೇಲೆ ಸಾಲ ತೀರಿದೆ ಅನ್ನುವ ಪತ್ರ, ಎನ್‌ಒಸಿ ಬಂತು, ಆ ಆ್ಯಪ್ ಹೋಯಿತು. ಮುಂದಿನ ಫೋನಿಗೆ ಅಂತ ನಮ್ಮ ಬೀದಿಯ ಚೀಟಿಗೆ ಸೇರಿದ್ದಾನೆ. "ಅಕ್ಕಾ, ಈ ಸಲ ಪೂರ್ತಿ ದುಡ್ಡು ಕೊಟ್ಟೇ ತರೋದು" ಅಂದ. ಅವನ ಬ್ಯಾಕಪ್ ಕೋಡ್ ಬರೆಯಲು ಅಳತೆ ಪುಸ್ತಕದಲ್ಲಿ ನನ್ನದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೇನೆ.